ಡ್ರೈವರ್ ಪಕ್ಕದ ಸೀಟು

ಭಾನುವಾರ, ಬೆಳಿಗ್ಗೆ

ನನ್ನ ಬೆಂಕಿಪೊಟ್ಟಣವೇ,

ಹೇಗಿದ್ದೀಯೆ ಎಂದು ಕೇಳುವುದಿಲ್ಲ. ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದವಳು ಹೇಗಿರುತ್ತಾಳೆಂದು ನನಗೆ ಗೊತ್ತು. ಹುಟ್ಟಿದಾಗಿನಿಂದ ನಾನು ಮಾತಾಡಿ ನೀನು ಎದುರುತ್ತರ ಕೊಡದೆ ಕೇಳುವುದು ಇದೇ ಮೊದಲು. ಆ ಭಾಗ್ಯ ಇಂಥ ದಾರಿಯಲ್ಲೇ ಬರಬೇಕಾಗಿತ್ತೇ, ಹಾಳಾದ್ದು!

ನಾನೇ ಬಂದು ಹೇಳಬೇಕಿತ್ತು. ಆದರೆ ಗುರುವಾರ ನಿನ್ನ ಮಂಚದ ಪಕ್ಕದಲ್ಲೇ ನಿನ್ನ ಗಂಡನ ಕಾಲರ್ ಹಿಡಿದೆನಲ್ಲ, ಅಂದಿನಿಂದ ಆಸ್ಪತ್ರೆಯ ಕಾವಲುಗಾರ ನನ್ನನ್ನು ಕಂಡರೆ ಕೋಲು ಅಡ್ಡ ಹಿಡಿಯುತ್ತಾನೆ. "ನಿಮ್ಮನ್ನ ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ ಕಣಮ್ಮ" ಅನ್ನುತ್ತಾನೆ, ಪಾಪ. ಹಾಗಾಗಿ ಈ ಪತ್ರವನ್ನೂ ಒಂದು ಬಟ್ಟೆಗಂಟನ್ನೂ ನಿಮ್ಮ ವಾರ್ಡಿನ ಆಯಾಳ ಕೈಲಿ ಕಳಿಸುತ್ತಿದ್ದೇನೆ. ನಮ್ಮ ಬೀದಿಯವಳೇ, ಬಾಯಿ ಬಿಗಿ. ಗಂಟನ್ನು ಈಗಲೇ ಬಿಚ್ಚಬೇಡ, ಮೊದಲು ಓದು. ನಿನ್ನೆ ಸಂಜೆ ನಿನ್ನ ಗಂಡ ನಿನ್ನ ವಾರ್ಡಿಗೆ ಬಂದಿರಲಿಕ್ಕಿಲ್ಲ. ಇವತ್ತೂ ಬರಲಾರ. ಯಾಕೆಂದು ಮುಂದೆ ಹೇಳುತ್ತೇನೆ.

ಗುರುವಾರ ಹೊರಗೆ ದಬ್ಬಿಸಿಕೊಂಡು ಮನೆಗೆ ಬಂದೆನಲ್ಲ, ಮೈಯೆಲ್ಲ ಉರಿ. ಏನಾದರೂ ಒಡೆದು ಪುಡಿ ಮಾಡದಿದ್ದರೆ ನಾನೇ ಸಿಡಿದುಹೋಗುತ್ತೇನೆ ಅನ್ನಿಸಿತು. ಪಿಂಗಾಣಿ ತಟ್ಟೆ ಎತ್ತಿದೆ. ನನ್ನದೇ ತಟ್ಟೆ, ನಾನೇ ಗುಡಿಸಬೇಕು. ಇಟ್ಟುಬಿಟ್ಟೆ. ಆಗ ಅಟ್ಟದ ಮೇಲಿನ ಆ ಪೆಟ್ಟಿಗೆ ನೆನಪಾಯಿತು. ಇಷ್ಟಕ್ಕೆಲ್ಲ ಮೂಲ ಅದೇ ಶನಿ ಎಂದುಕೊಂಡು ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿ ಏಣಿ ಹತ್ತಿದೆ.

ಮರೆತಿಲ್ಲ ತಾನೇ? ಲಾರಿ ಮೆಕ್ಯಾನಿಕ್ ಮಾಮ ತಂದುಕೊಟ್ಟ ರೇಸ್ ಕಾರು. ಬಿಡಿ ಬಿಡಿ ಲೋಹದ ತುಂಡುಗಳನ್ನು ಉಜ್ಜಿ, ಸ್ಕ್ರೂ ಬಿಗಿದು ನಾವೇ ಜೋಡಿಸಬೇಕಾದದ್ದು. ಮುಚ್ಚಳದ ಮೇಲೆ ಉದ್ದ ಮೂತಿಯ ಹಳೇ ಕಾಲದ ಕೆಂಪು ಕಾರಿನ ಚಿತ್ರ, ಸುತ್ತ ಧೂಳಿನ ಮೋಡ, ದೊಡ್ಡ ಕನ್ನಡಕ ತೊಟ್ಟ ಒಬ್ಬ ಡ್ರೈವರ್. "ಇಬ್ಬರಿಗೂ ಸೇರಿ ಒಂದು" ಅಂದ ಮಾಮ. ಮದುವೆಯಾಗದ ಪುಣ್ಯಾತ್ಮ, ಮಕ್ಕಳ ಸಹವಾಸ ಅವನಿಗೇನು ಗೊತ್ತು! ಅವನು ಚಪ್ಪಲಿ ಮೆಟ್ಟುವ ಮೊದಲೇ ಡ್ರೈವರ್ ಯಾರು ಎಂದು ಶುರುವಾಯಿತು. "ನಾನು ದೊಡ್ಡವಳು" ಅಂತ ನಾನು, "ನಿನಗೆ ಹೆದರಿಕೆ, ನಾನು ಜೋರಾಗಿ ಓಡಿಸ್ತೀನಿ" ಅಂತ ನೀನು. ನಾನು ನಿನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿಸಿದೆ. ನೀನು ಬಾಗಿಲ ಅಗುಳಿ ಕಿತ್ತುಕೊಂಡು ನನ್ನ ಬಾಯಿಗೆ ಬೀಸಿದೆ. ಮುಂದಿನ ಹಲ್ಲು ಅರ್ಧ ಹಾರಿಹೋಯಿತು. ನನ್ನ ರಕ್ತ ನಿನ್ನ ಫ್ರಾಕಿನ ಮೇಲೆ, ನಿನ್ನ ಕೂದಲು ನನ್ನ ಮುಷ್ಟಿಯಲ್ಲಿ. ಅಂದಿನಿಂದ ನಾನು ನಿನ್ನ ಬಾಯಲ್ಲಿ ಹಲ್ಲುಮುರುಕಿ. ಮುಂದೆ ಹಲ್ಲಿನ ಕ್ಯಾಪ್ ಮಾಡುವ ಲ್ಯಾಬಿಗೆ ಕೆಲಸಕ್ಕೆ ಸೇರಿ, ಚೆನ್ನಾಗಿ ಬಂದ ಮೊದಲ ಕ್ಯಾಪನ್ನು ನನಗೇ ಹಾಕಿಸಿಕೊಂಡೆ. ನನಗೆ ಅನ್ನದ ದಾರಿ ತೋರಿಸಿದವಳೂ ನೀನೇ ಅನ್ನು.

ಅಮ್ಮ ಇಬ್ಬರಿಗೂ ಸೌಟಿನಲ್ಲಿ ಬಾರಿಸಿ, ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದು, ಯಾರಿಗೂ ಇಲ್ಲ ಅಂದಳು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ನಿನ್ನ ಕೈಯನ್ನು ಎಳೆದು, ರಕ್ತ ಸುರಿಸುತ್ತ ನಿಂತಿದ್ದ ನನ್ನ ತಲೆಯ ಮೇಲೆ ಇಡಿಸಿದಳು. "ಇನ್ಮೇಲೆ ಯಾರ ಮೇಲೂ ಕೈ ಎತ್ತಲ್ಲ ಅಂತ ಅಕ್ಕನ ತಲೆ ಮುಟ್ಟಿ ಆಣೆ ಮಾಡು. ಎತ್ತಿದ್ರೆ ಇವಳು ಸತ್ತು ಹೋಗ್ತಾಳೆ, ನೋಡ್ತಿರು" ಅಂದಳು. ನೀನು ನಡುಗುತ್ತ ಆಣೆ ಮಾಡಿದೆ. ಅಮ್ಮ ಸಿಟ್ಟಿನಲ್ಲಿ ಆಡಿದ ಮಾತು, ಮರುದಿನಕ್ಕೆ ಅವಳಿಗೇ ನೆನಪಿರಲಿಲ್ಲ. ನಾನೂ ಮರೆತೆ. ಅಮ್ಮ ಹೋಗಿಯೂ ಎಷ್ಟು ಕಾಲವಾಯಿತು!

ಗುರುವಾರ ನಿನ್ನ ಮಂಚದ ಮೇಲೆ ಕೂತು ಕೇಳಿದೆ, ಯಾಕೆ ತಿರುಗಿ ಒಂದು ಏಟೂ ಕೊಡಲಿಲ್ಲ, ನನ್ನ ಹಲ್ಲು ಮುರಿದ ಆ ಕೈ ಎಲ್ಲಿ ಸತ್ತುಬಿದ್ದಿದೆ ಎಂದು. ನರ್ಸ್ ಕೊಟ್ಟ ಸ್ಲೇಟಿನ ಮೇಲೆ ನೀನು ಬರೆದೆ: ನಿನ್ನ ತಲೆ ಮುಟ್ಟಿದ್ದೆನಲ್ಲ. ಅಷ್ಟು ಓದಿದ್ದೇ, ನಾನು ಎದ್ದು ಅವನ ಕಾಲರಿಗೆ ಕೈ ಹಾಕಿದ್ದು. ಅಯ್ಯೋ ನನ್ನ ಪೆದ್ದಿ! ಲೋಕದಲ್ಲಿ ಯಾರಾದರೂ ಅಮ್ಮನ ಗದರಿಕೆಯನ್ನು ಇಷ್ಟು ವರ್ಷ ಪಾಲಿಸುತ್ತಾರೆಯೇ?

ಡಾಕ್ಟರಿಗೆ ಅದೇ ಸ್ಲೇಟಿನಲ್ಲಿ ಏನು ಬರೆದು ತೋರಿಸಿದ್ದೆ ಎಂಬುದನ್ನೂ ನೋಡಿದೆ. ಬಚ್ಚಲಲ್ಲಿ ಜಾರಿ ಬಿದ್ದೆ. ಹುಬ್ಬು ಒಡೆದಾಗಲೂ ಬಚ್ಚಲು. ಮುಂಗೈ ಮುರಿದಾಗಲೂ ಬಚ್ಚಲು. ಬೆನ್ನ ಮೇಲೆ ಬೆಲ್ಟಿನ ಬಕ್ಕಲ್ ಗುರುತು ಅಚ್ಚೊತ್ತಿದಂತೆ ಎದ್ದಾಗಲೂ ಬಚ್ಚಲೇ. ನಿಮ್ಮ ಬಚ್ಚಲಿನಷ್ಟು ದುಷ್ಟ ಬಚ್ಚಲನ್ನು ನಾನು ಕಂಡಿಲ್ಲ ಮಾರಾಯ್ತಿ. ಎರಡನೇ ಸಲ ಬಿದ್ದಾಗ, ಈಗಲಾದರೂ ಬಾಯಿ ಬಿಡುತ್ತೀಯೇನೋ ಎಂದು ಒಂದು ರಬ್ಬರ್ ಚಾಪೆ ತಂದುಕೊಟ್ಟೆ. ನೀನು ತಲೆ ತಗ್ಗಿಸಿಕೊಂಡು ತೆಗೆದುಕೊಂಡೆ. ನಿನ್ನ ಗಂಡ ಅದನ್ನು ನೋಡಿ, "ಒಳ್ಳೇದಾಯ್ತು ಬಿಡಕ್ಕ, ಇವಳಿಗೆ ನೆಲ ನೋಡಿ ನಡೆಯೋದೇ ಗೊತ್ತಿಲ್ಲ" ಎಂದು ನಕ್ಕ. ಆ ನಗು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಉಳಿದಿತ್ತು.

ಇರಲಿ, ಅಟ್ಟಕ್ಕೆ ಬರುತ್ತೇನೆ. ಪೆಟ್ಟಿಗೆ ಇಳಿಸಿ, ನೆಲದ ಮೇಲಿಟ್ಟು, ಸುತ್ತಿಗೆ ಎತ್ತಿದೆ. ಒಡೆಯುವ ಮೊದಲು ಒಳಗೇನಿದೆ ನೋಡೋಣ, ಅಷ್ಟು ಬಡಿದಾಡಿಕೊಂಡು ಒಂದು ಸಲವೂ ಕಣ್ಣಿಟ್ಟು ನೋಡಿಲ್ಲವಲ್ಲ ಎಂದು ಮುಚ್ಚಳ ತೆಗೆದೆ. ಎಣ್ಣೆಕಾಗದದಲ್ಲಿ ಸುತ್ತಿದ ತುಂಡುಗಳು ಒಂದೂ ತುಕ್ಕು ಹಿಡಿದಿರಲಿಲ್ಲ. ಒಂದೊಂದೇ ಬಿಚ್ಚಿದೆ. ಚಕ್ರ, ಬಾನೆಟ್, ಹೊಗೆಕೊಳವೆ. ಆಮೇಲೆ ಸೀಟು. ಇನ್ನೊಂದು ಪೊಟ್ಟಣ ಬಿಚ್ಚಿದರೆ ಇನ್ನೊಂದು ಸೀಟು!

ಎರಡು ಸೀಟು ಕಣೇ. ಬೆರಳುದ್ದದ ಇಬ್ಬರು ಲೋಹದ ಮನುಷ್ಯರು. ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು: ಆ ಕಾಲದ ರೇಸ್ ಕಾರಿನಲ್ಲಿ ಡ್ರೈವರ್ ಪಕ್ಕ ಒಬ್ಬ ಮೆಕ್ಯಾನಿಕ್ಕೂ ಕೂರುತ್ತಿದ್ದನಂತೆ. ಎಣ್ಣೆ ಪಂಪು ಒತ್ತುವುದು, ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಕೂಗುವುದು, ಚಕ್ರ ಕಳಚಿದರೆ ಹಾರಿ ಇಳಿದು ಹಾಕುವುದು ಅವನ ಕೆಲಸ. ಮುಚ್ಚಳದ ಚಿತ್ರದಲ್ಲಿ ಅವನು ಪಂಪಿನ ಮೇಲೆ ಬಗ್ಗಿದ್ದಾನೆ, ಆ ದರಿದ್ರ ಧೂಳು ಅವನನ್ನು ಮುಚ್ಚಿದೆ. ಇಬ್ಬರಿಗೂ ಸೇರಿ ಒಂದು ಎಂದು ಮಾಮ ಸರಿಯಾಗಿಯೇ ಹೇಳಿದ್ದ. ಥೂ ನಮ್ಮ ಹಣೆಬರಹವೇ ಎಂದು ನೆಲದ ಮೇಲೆ ಕೂತು ನಕ್ಕೆ. ನಗುತ್ತ ನಗುತ್ತ ಅಳು ಬಂತು, ಜೋರಾಗಿಯೇ ಅತ್ತೆ.

ಸುತ್ತಿಗೆಯನ್ನು ಮೂಲೆಗಿಟ್ಟೆ. ಲ್ಯಾಬಿಗೆ ರಜೆ ಹೇಳಿ, ಶುಕ್ರವಾರ ಇಡೀ ದಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಜೋಡಿಸಿದೆ. ಹಲ್ಲಿನ ಅಂಚು ಉಜ್ಜುವ ಸಣ್ಣ ಅರವೇ ಸಾಕಾಯಿತು. ನಾನು ಶಾಂತಳಾಗಿದ್ದೆ ಎಂದುಕೊಳ್ಳಬೇಡ. ಬಾನೆಟ್ ಉಜ್ಜುವಾಗ ನಿನ್ನ ಗಂಡನ ಮೂಗನ್ನು ಉಜ್ಜುತ್ತಿದ್ದೆ. ಸ್ಕ್ರೂ ಬಿಗಿಯುವಾಗ ಅವನ ಕಿವಿ ತಿರುಚುತ್ತಿದ್ದೆ. ಚಕ್ರದ ಕಡ್ಡಿಗಳನ್ನು ಇಕ್ಕಳದಲ್ಲಿ ಹಿಡಿದು ನೇರ ಮಾಡುವಾಗ ಅವನ ಬೆರಳುಗಳು ನೆನಪಾದವು. ಅಷ್ಟು ಸಿಟ್ಟಿನಲ್ಲೂ ಕೆಲಸ ಅಚ್ಚುಕಟ್ಟಾಗಿ ಬಂತು. ಮುಗಿದಾಗ ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಅರ್ಧ ಇಟ್ಟಿಗೆಯಷ್ಟು ಭಾರ.

ನಿನ್ನೆ ಮಧ್ಯಾಹ್ನ ಇಬ್ಬರು ಮನುಷ್ಯರನ್ನು ಸೀಟಿಗೆ ಕೂರಿಸಬೇಕು ಅನ್ನುವಷ್ಟರಲ್ಲಿ ನಿನ್ನ ಗಂಡ ಬಂದ. ಬಾಗಿಲು ತಟ್ಟಲಿಲ್ಲ. "ಏನಕ್ಕ, ಹಲ್ಲು ಮಾಡೋದು ಬಿಟ್ಟು ಬೊಂಬೆ ಆಟ ಶುರು ಮಾಡಿದ್ಯಾ?" ಅಂದ. ಮಂಗಳವಾರ ನಿನ್ನನ್ನು ಬಿಡುತ್ತಾರೆ, ಅವನೇ ಮನೆಗೆ ಕರೆದುಕೊಂಡು ಹೋಗುತ್ತಾನೆ, ನಾನು ಆ ಕಡೆ ತಲೆ ಹಾಕಬಾರದು ಎಂದು ಹೇಳಲು ಬಂದಿದ್ದ. "ಅವಳು ನಿನ್ನ ಮನೆಗೆ ಬರೋದಿಲ್ಲ" ಅಂದೆ. ಅವನು ಮೇಜಿನ ಮೇಲಿದ್ದ ಡ್ರೈವರನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಕುತ್ತಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಬಗ್ಗಿಸಿದ. "ಈ ಸಲ ದವಡೆ. ಮುಂದಿನ ಸಲ ಹಿಂಗೆ" ಅಂದ. ಅಂಗಡಿಯಲ್ಲಿ ಸಾಮಾನು ಹೇಳುವವನ ಹಾಗೆ ಹೇಳಿದ.

ಹೊರಗೆ ನಡಿ ಎಂದು ಎದ್ದೆ. ಅವನ ಕೈ ನನ್ನ ಗಂಟಲಿಗೆ ಬಂತು. ಗೋಡೆಗೆ ಒತ್ತಿ ಹಿಡಿದ. ಅರಗಳೆಲ್ಲ ಚೆಲ್ಲಿ ಬಿದ್ದವು. ಉಸಿರು ಸಿಕ್ಕಲಿಲ್ಲ, ಕಣ್ಣು ಕತ್ತಲಿಟ್ಟಿತು. ನೀನು ಇಷ್ಟು ವರ್ಷ ಪ್ರತಿ ಸಲ ನೋಡಿದ ಮುಖ ಇದೇ ಎಂದು ಗೊತ್ತಾಯಿತು. ಕೈ ಮೇಜನ್ನು ತಡವಿತು. ಕಾರು ಸಿಕ್ಕಿತು.

ಮೊದಲನೇ ಏಟು ಬಾಯಿಗೆ. ಕಾರಿನ ಮೂತಿ ಅವನ ತುಟಿಯನ್ನು ಸೀಳಿಕೊಂಡು ಹೋಗಿ ಹಲ್ಲಿಗೆ ತಗುಲಿದ ಸದ್ದು ಕೇಳಿಸಿತು. ಗಂಟಲು ಬಿಟ್ಟ. ಮತ್ತೆ ಕೈ ಎತ್ತಿದ. ಎರಡನೆಯದು ಆ ಕೈಗೆ, ಮುಂಗೈ ಮೂಳೆ ಲಟಕ್ಕೆಂದಿತು. ಮೊಣಕಾಲೂರಿ ಬಿದ್ದ. ಮೂರನೆಯದು ಬೇಕಾಗಿರಲಿಲ್ಲ. ಆದರೂ ದವಡೆಗೆ ಕೊಟ್ಟೆ, ಅದು ರಬ್ಬರ್ ಚಾಪೆಗೆ ನಕ್ಕದ್ದಕ್ಕೆ. ಬಾಯ್ತುಂಬ ರಕ್ತ ಇಟ್ಟುಕೊಂಡು ಪೊಲೀಸಿಗೆ ಹೇಳುತ್ತೇನೆ ಎಂದು ಅರಚಿದ. ಫೊಲೀಫು, ಫೊಲೀಫು ಎಂದು ಕೇಳಿಸಿತು. ಗೋಡೆ ಹಿಡಿದುಕೊಂಡು ಹೋದ.

ಆಮೇಲೆ ನಾನು ವಾಂತಿ ಮಾಡಿದೆ. ಅವನು ನಿನ್ನನ್ನು ಹೊಡೆದು ಹೇಗೆ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದನೋ, ನನಗೆ ಅರ್ಥವಾಗುವುದಿಲ್ಲ. ಮೇಜು ಸರಿ ಮಾಡುವಾಗ ಒಂದು ಬಿಳಿ ತುಂಡು ಸಿಕ್ಕಿತು. ಕಾರಿನದ್ದು, ಜೋಡಿಸಲು ಮರೆತೆನೇನೋ ಎಂದು ಭೂತಗನ್ನಡಿ ಹಿಡಿದು ನೋಡಿದರೆ ಅವನ ಹಲ್ಲು.

ಈಗ ಮುಖ್ಯ ಮಾತು, ಗಮನ ಇಟ್ಟು ಓದು. ನೀನು ಕೈ ಎತ್ತಿದರೆ ನಾನು ಸಾಯುತ್ತೇನೆ ಎಂದು ನಂಬಿದ್ದೆ. ನೀನು ಕೈ ಎತ್ತದೆ ಇದ್ದದ್ದಕ್ಕೇ ನಿನ್ನೆ ನಾನು ಸಾಯುತ್ತಿದ್ದೆ. ಆಣೆ ಇಟ್ಟದ್ದು ನನ್ನ ತಲೆಯ ಮೇಲೆ. ತಲೆ ನನ್ನದು, ಅದರ ಮೇಲಿನ ಭಾರವನ್ನು ಇಳಿಸುವ ಹಕ್ಕೂ ನನ್ನದೇ. ಇಳಿಸಿದ್ದೇನೆ. ಇನ್ನು ನಿನ್ನ ಕೈ ನಿನ್ನದು.

ಗಂಟು ಬಿಚ್ಚು. ಕಾರಿಗೆ ಇನ್ನೂ ಬಣ್ಣ ಹಚ್ಚಿಲ್ಲ. ಮೂತಿಯ ಸಂದಿಯಲ್ಲಿ ಕೆಂಪು ಕಂಡರೆ ಹೇಸಬೇಡ, ತೊಳೆದೆ, ಪೂರ್ತಿ ಹೋಗಲಿಲ್ಲ. ಪಕ್ಕದ ಸೀಟಿನಲ್ಲಿ ಮೆಕ್ಯಾನಿಕ್ಕನ್ನು ಕೂರಿಸಿದ್ದೇನೆ. ಅದು ನಾನು. ದೊಡ್ಡವಳೆಂದು ಜಗಳ ಆಡಿದ್ದು ಸಾಕು, ಎಣ್ಣೆ ಒತ್ತುತ್ತೇನೆ, ಹಿಂದೆ ಯಾರು ಬಂದರೂ ಕೂಗಿ ಹೇಳುತ್ತೇನೆ. ಡ್ರೈವರನ್ನು ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಕುತ್ತಿಗೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ, ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಸೊಟ್ಟ ಕುತ್ತಿಗೆಯಲ್ಲೇ ಓಡಿಸಲಿ.

ನೀನು ನನ್ನ ಮನೆಗೆ ಬರುವುದಾದರೆ ಡ್ರೈವರನ್ನು ಸೀಟಿಗೆ ಕೂರಿಸಿ, ಕಾರನ್ನು ನಿನ್ನ ಮಂಚದ ಪಕ್ಕದ ಕಿಟಕಿಯಲ್ಲಿಡು. ಗೇಟಿನ ಹೊರಗಿಂದ ಆ ಕಿಟಕಿ ಚೆನ್ನಾಗಿ ಕಾಣುತ್ತದೆ, ನೋಡಿಕೊಂಡಿದ್ದೇನೆ. ಕಂಡರೆ ಮಂಗಳವಾರ ನೀನು ಮದುವೆಗೆ ಮೊದಲು ಓಡಿಸುತ್ತಿದ್ದ ಆ ಸ್ಕೂಲ್ ವ್ಯಾನನ್ನೇ ಗೇಟಿಗೆ ತರಿಸುತ್ತೇನೆ. ಅದರ ಮಾಲೀಕ ಈಗಲೂ, "ನಿಮ್ಮ ತಂಗಿ ಹಂಗೆ ತಿರುಗಿಸೋರು ಸಿಕ್ಕಿಲ್ಲಮ್ಮ" ಅನ್ನುತ್ತಾನೆ. ಒಂದು ವೇಳೆ ಅಷ್ಟರಲ್ಲಿ ಪೊಲೀಸರು ನನ್ನನ್ನು ಕರೆದೊಯ್ದಿದ್ದರೆ ಹೆದರಬೇಡ. ಬೀಗದ ಕೈ ಎದುರು ಮನೆಯ ದರ್ಜಿಯ ಹತ್ತಿರ ಇದೆ. ಹಾಸಿಗೆ ಹಾಸಿಟ್ಟಿದ್ದೇನೆ.

ನನಗೆ ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕಿಟಕಿ ಖಾಲಿ ಕಂಡರೆ ಅದಕ್ಕಿಂತ ಹೆಚ್ಚು ಭಯವಾಗುತ್ತದೆ. ಕೂರಿಸು ಕಣೇ.

ನಿನ್ನ
ಹಲ್ಲುಮುರುಕಿ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಯಾ ಬಂದು ಸುದ್ದಿ ಹೇಳಿದಳು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಗಂಡ ನಿನ್ನೆಯಿಂದ ನಿಮ್ಮ ಆಸ್ಪತ್ರೆಯಲ್ಲೇ, ಕೆಳಗಿನ ಗಂಡಸರ ವಾರ್ಡಿನಲ್ಲಿ ಬಿದ್ದಿದ್ದಾನಂತೆ. ಕೈಗೆ ಪಟ್ಟಿ, ದವಡೆಗೆ ತಂತಿ. ಪೊಲೀಸಿನವನು ಬಂದು, ಯಾರು ಹೊಡೆದದ್ದು ಎಂದು ಬಿಡಿಸಿ ಬಿಡಿಸಿ ಕೇಳಿದನಂತೆ. ಹೆಂಗಸಿನ ಕೈಲಿ ಏಟು ತಿಂದೆ ಎಂದು ಹೇಳಲು ನಾಚಿಕೆ ನೋಡು. ಸ್ಲೇಟು ತರಿಸಿಕೊಂಡು, ಎಡಗೈಯಲ್ಲಿ ಬರೆದು ತೋರಿಸಿದ್ದಾನೆ: ಬಚ್ಚಲಲ್ಲಿ ಜಾರಿ ಬಿದ್ದೆ. ನಮ್ಮ ಬಚ್ಚಲಿನ ರಬ್ಬರ್ ಚಾಪೆಯನ್ನು ತೊಳೆದು, ಸುರುಳಿ ಸುತ್ತಿ ಆಯಾಳ ಇನ್ನೊಂದು ಕೈಗೆ ಕೊಟ್ಟಿದ್ದೇನೆ. ಗಂಟು ನಿನಗೆ, ಚಾಪೆ ಅವನಿಗೆ.