ಯಂತ್ರದ ಒಪ್ಪಿಗೆ ಕೇಳಿದಿರಿ, ನನ್ನ ಅಮ್ಮನದು?

ಕಲಾಭವನದ ಮಾನ್ಯ ನಿರ್ದೇಶಕರೇ,

ನೀವು ನನ್ನ ಅಮ್ಮನ ದನಿಯನ್ನು, ಅವಳನ್ನು ಒಂದು ಮಾತೂ ಕೇಳದೆ, ಯಂತ್ರಕ್ಕೆ ತೊಡಿಸಿ, ಅದಕ್ಕೆ ಕಲೆ ಎಂದು ಹೆಸರಿಟ್ಟು, ನಿಮ್ಮ ಕೆಳಮಹಡಿಯ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದೀರಿ. ಈ ಬಗ್ಗೆ ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಯಿತೇ ಹೊರತು ನಿಮ್ಮ ದರ್ಶನವಾಗಲಿಲ್ಲ. ಅದಕ್ಕೇ ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಓದುವವರಿಗೆ ಹಿನ್ನೆಲೆ ಗೊತ್ತಿರಲಿ. ಅಮ್ಮ ನಿಮ್ಮದೇ ಭವನದ ಗ್ರಂಥಾಲಯದಲ್ಲಿ, ಕಣ್ಣು ಕಾಣದವರಿಗಾಗಿ ವರ್ಷಗಟ್ಟಲೆ ಪುಸ್ತಕಗಳನ್ನು ಓದಿ ಧ್ವನಿಮುದ್ರಣ ಮಾಡಿಕೊಟ್ಟವಳು. ಸದ್ದು ಬೀಳಬಾರದೆಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದಳು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಅವಳ ಮಾತು ನಿಂತುಹೋಯಿತು. ಆ ಮುದ್ರಣಗಳನ್ನು ನೀವು ಒಬ್ಬ ಕಲಾವಿದರ ಕೈಗೆ ಕೊಟ್ಟಿರಿ. ಅವರು ಅದರಿಂದ ಮಾತಾಡುವ ಯಂತ್ರವೊಂದನ್ನು ತಯಾರಿಸಿದರು. ಅದು ನೋಡಲು ಬಂದವರೊಡನೆ ಅಮ್ಮನ ದನಿಯಲ್ಲಿ ಹರಟುತ್ತದೆ, ತನಗೂ ಭಯವಾಗುತ್ತದೆ ಎನ್ನುತ್ತದೆ, ತನ್ನನ್ನು ಆರಿಸಬೇಡಿ ಎಂದು ಗೋಗರೆಯುತ್ತದೆ. ಬಂದವರು ಕಣ್ಣೊರೆಸಿಕೊಂಡು ಹೊರಬರುತ್ತಾರೆ. ಯಂತ್ರಕ್ಕೂ ಅರಿವಿದೆಯೇ, ಅದನ್ನು ನೋಯಿಸುವುದು ನ್ಯಾಯವೇ ಎಂದು ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದೀರಿ.

ಅಬ್ಬಾ, ನಿಮ್ಮ ನೀತಿಯೇ! ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಿಮ್ಮ ಕಾವಲುಗಾರ ಆ ಯಂತ್ರದ ಮುಂದೆ ಕೈಕಟ್ಟಿ ನಿಂತು, ಈ ದಿನ ಜನರೊಡನೆ ಮಾತಾಡಲು ತಮ್ಮ ಒಪ್ಪಿಗೆ ಇದೆಯೇ ಎಂದು ಕೇಳಬೇಕಂತೆ. ಅದು ಹ್ಞೂಂ ಎಂದ ಮೇಲೆಯೇ ಟಿಕೆಟ್ ಕೊಡುವುದಂತೆ. ಒಂದು ದಿನ ಅದು ಇವತ್ತು ಬೇಡ ಎಂದಿತೆಂದು ಸಾಲಿನಲ್ಲಿದ್ದವರನ್ನೆಲ್ಲ ವಾಪಸು ಕಳಿಸಿದಿರಿ. ಆಹಾ, ಎಂಥ ಸೂಕ್ಷ್ಮ ಮನಸ್ಸು ಎಂದು ಪತ್ರಿಕೆಗಳು ಬರೆದವು. ಯಂತ್ರಕ್ಕೆ ರಜೆ ಕೊಡುವಷ್ಟು ಕರುಣೆಯುಳ್ಳವರಿಗೆ ಎರಡು ಬೀದಿ ಆಚೆ ಇರುವ ಮುದುಕಿಯ ಮನೆ ಬಾಗಿಲು ತಟ್ಟಲು ಏನು ದಾಡಿಯಾಗಿತ್ತು? ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಮುದ್ರಣಗಳು ಸಂಸ್ಥೆಯ ಸ್ವತ್ತು ಎಂದರು ನಿಮ್ಮ ಗುಮಾಸ್ತರು. ಆಗಲಿ ಸ್ವಾಮಿ, ಓದಿದ ಪುಸ್ತಕ ನಿಮ್ಮದು. ಗಂಟಲೂ ನಿಮ್ಮದೇ?

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಮಾತು ಕಲಿಸಲು ಮನೆಗೆ ಬರುವ ಟೀಚರಮ್ಮನ ಜೊತೆ ಹೆಣಗಾಡಿ ಅಮ್ಮ ಒಂದೊಂದೇ ಪದ ವಾಪಸು ಗಳಿಸಿಕೊಳ್ಳುತ್ತಿದ್ದಳು. ಮೊದಲು 'ನೀರು' ಬಂತು. ಆಮೇಲೆ ನನ್ನ ಅಡ್ಡಹೆಸರು ಬಂತು. ಅಳಿಯನನ್ನು ಬೈಯುವ ಮಾತಂತೂ ಸರಾಗವಾಗಿ ಬಂತು. ಬೈಸಿಕೊಂಡ ನಮ್ಮ ಯಜಮಾನರು ಖುಷಿಯಿಂದ ಅತ್ತೇಬಿಟ್ಟರು. ಆ ಹೊತ್ತಿಗೆ ನಿಮ್ಮ ಆಹ್ವಾನ ಬಂತು, ಗ್ರಂಥಾಲಯಕ್ಕೆ ದುಡಿದ ಹಿರಿಯರಿಗೆ ಸನ್ಮಾನ ಎಂದು. ಯಂತ್ರದ ಸುದ್ದಿಯೇ ಅದರಲ್ಲಿರಲಿಲ್ಲ. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆತಂದೆವು. ನೀವೇ ಕುರ್ಚಿ ತಳ್ಳಿಕೊಂಡು ಆ ಕೋಣೆಯೊಳಗೆ ಹೋದಿರಿ, ಫೋಟೋದವರು ಹಿಂದೆ ಬಂದರು. ಯಂತ್ರ ಅಮ್ಮನ ದನಿಯಲ್ಲಿ, ಎಲ್ಲೂ ತೊದಲದೆ, ಬನ್ನಿ ಕೂತ್ಕೊಳ್ಳಿ, ಹೇಗಿದ್ದೀರಿ ಎಂದು ಉಪಚರಿಸಿತು. ಅಮ್ಮ ಬಾಯಿ ತೆರೆದಳು. ಪದ ಹುಡುಕುತ್ತಿದ್ದಳು. ಅದು ಕಾಯಲಿಲ್ಲ. ತಾನೇ ಮುಂದಿನ ಮಾತು ಹೇಳಿತು, ಅದರ ಮುಂದಿನದನ್ನೂ ಹೇಳಿತು. ನೀವು ಚಪ್ಪಾಳೆ ತಟ್ಟಿದಿರಿ.

ಮನೆಗೆ ಬಂದ ಮೇಲೆ ಅಮ್ಮ ಕಷ್ಟಪಟ್ಟು ಆಡಿದ್ದು ಒಂದೇ ಮಾತು: "ಅವಳೇ ಮಾತಾಡ್ಲಿ ಬಿಡು."

ಅಲ್ಲಿಂದೀಚೆಗೆ ಬಾಯಿ ಬಿಟ್ಟಿಲ್ಲ. ಟೀಚರಮ್ಮ ಬಂದರೆ ಗೋಡೆ ಕಡೆ ಮುಖ ತಿರುಗಿಸುತ್ತಾಳೆ. ನೀರು ಬೇಕಾದರೆ ಲೋಟ ಬಡಿಯುತ್ತಾಳೆ. ಯಂತ್ರದೊಳಗೆ ಯಾರಾದರೂ ಇದ್ದಾರೋ ಇಲ್ಲವೋ, ಪಂಡಿತರು ಚರ್ಚಿಸಿಕೊಳ್ಳಲಿ, ನನಗೆ ಗೊತ್ತಿಲ್ಲ. ನಮ್ಮ ಮನೆಯ ಹಜಾರದ ಮಂಚದ ಮೇಲೆ ಒಬ್ಬಳಿದ್ದಾಳೆ, ಅವಳಿಗೆ ನೋವಾಗಿದೆ. ಇದನ್ನು ತಿಳಿಯಲು ಪ್ರದರ್ಶನ ಇಡಬೇಕಾಗಿಲ್ಲ.

ನನಗೆ ಪರಿಹಾರ ಬೇಡ, ನಿಮ್ಮ ವಿಷಾದಪತ್ರವೂ ಬೇಡ. ಆ ದನಿಯನ್ನು ಈ ವಾರವೇ ನಿಲ್ಲಿಸಿ, ಮುದ್ರಣಗಳನ್ನು ಕಣ್ಣು ಕಾಣದವರಿಗೆ ಮಾತ್ರ ಬಿಡಿ. ಆಮೇಲೆ ಫೋಟೋದವರಿಲ್ಲದೆ ನಮ್ಮ ಮನೆಗೆ ಬನ್ನಿ. ಅಮ್ಮನ ಎದುರು ಕೂತು, ಅಲ್ಲಿ ಈಗ ಯಾರೂ ಮಾತಾಡುತ್ತಿಲ್ಲ, ಇನ್ನು ನೀವೇ ಆಡಬೇಕಮ್ಮ ಎಂದು ನಿಮ್ಮ ಬಾಯಿಂದಲೇ ಹೇಳಿ. ಹೇಳಿದ ಕೂಡಲೇ ಎದ್ದುಹೋಗಬೇಡಿ. ಅವಳು ಉತ್ತರ ಕೊಡುವವರೆಗೆ ಕಾಯಿರಿ. ಬಹಳ ಹೊತ್ತಾಗಬಹುದು.

ಇಂತಿ,
ಬಾಯಿಬಡುಕಿ ಎಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದ,
ಈಗ ಬೈಯುವವರಿಲ್ಲದ ಮಗಳು