ಮೂರಡಿ ಸಾಕು ಎಂದೆಯಲ್ಲ

ಹಾಸಿಗೆ ಅಂಗಡಿಯಿಂದ,
ಜೂನ್ ೮, ಭಾನುವಾರ ಮಧ್ಯಾಹ್ನ

ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ "ಹ್ಞೂಂ ಮಾವ" ಎಂದು ಸಾಗಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ.

ಮೊನ್ನೆ ಹೊಸ ಬಾಡಿಗೆ ಕೋಣೆಗೆ ಹಾಸಿಗೆ ಬೇಕೆಂದು ಹೇಳುತ್ತಾ "ಇನ್ನು ನನಗೆ ಮೂರಡಿ ಅಗಲ ಸಾಕು ಮಾವ" ಅಂದುಬಿಟ್ಟೆ. ಜೀವಮಾನವೆಲ್ಲ ಅಳತೆ ಕೇಳಿ ಬಟ್ಟೆ ಕತ್ತರಿಸಿದವನಿಗೆ ಅವತ್ತು ಕೈಯೇ ಆಡಲಿಲ್ಲ. ನನ್ನಜ್ಜನ ಕಾಲದಲ್ಲಿ ಹಾಸಿಗೆಗೆ ಅಳತೆ ಎಲ್ಲಿತ್ತು? ಒಣಹುಲ್ಲು ತುಂಬಿದ ಗೋಣಿ, ಈ ಗೋಡೆಯಿಂದ ಆ ಗೋಡೆಗೆ. ಸಾಲಾಗಿ ಮಲಗಿದವರಲ್ಲಿ ಒಬ್ಬ ಮಗ್ಗುಲಾದರೆ ಎಲ್ಲರೂ ಮಗ್ಗುಲಾಗಬೇಕಿತ್ತು. ಆಮೇಲೆ ಹತ್ತಿ ಬಂತು, ಮಂಚ ಬಂತು, ಅದರ ಹಿಂದೆಯೇ ಸಿಂಗಲ್, ಡಬಲ್. ಈಗ ಐದಡಿಯದು ಕ್ವೀನ್ ಅಂತೆ, ಆರಡಿಯದು ಕಿಂಗ್ ಅಂತೆ! ಮಲಗುವವರು ಮಾತ್ರ ನಮ್ಮಂಥವರೇ.

ನಿಮ್ಮ ಮದುವೆಗೆ ಆರಡಿಯದು ಹೊಲಿದಾಗ ನನ್ನ ಮಗ ಏನಂದ, ನೆನಪಿದೆಯಾ? "ಅಪ್ಪಾ, ಇಷ್ಟು ದೊಡ್ಡದರಲ್ಲಿ ಇವಳನ್ನ ಹುಡುಕೋಕೆ ಟಾರ್ಚ್ ಬೇಕಾಗುತ್ತೆ!" ನೀನು ನಾಚಿ ಹತ್ತಿಮೂಟೆಯ ಹಿಂದೆ ಸೇರಿಕೊಂಡೆ. ಜ್ವರವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ, ವರ್ಷವೇ ಆಯಿತು. ಅಂಗಡಿಗೆ ಹೊಸ ಜೋಡಿ ಯಾರಾದರೂ ಬಂದರೆ ವ್ಯಾಪಾರವನ್ನು ನಿನ್ನ ಅತ್ತೆಗೆ ಬಿಟ್ಟು ಹಿಂದಿನ ಕೋಣೆಗೆ ಹೋಗಿಬಿಡುತ್ತೇನೆ. ನಾವಾದರೂ ಇಬ್ಬರಿದ್ದೇವೆ, ಒಬ್ಬರ ಅಳು ಇನ್ನೊಬ್ಬರಿಗೆ ಕೇಳಿಸುತ್ತದೆ. ನೀನಲ್ಲಿ ಒಬ್ಬಳೇ.

ಹೊತ್ತುಹೊತ್ತಿಗೆ ತಿನ್ನು. ಹಾಸಿಗೆಯನ್ನು ಆಗಾಗ ಬಿಸಿಲಿಗೆ ಹಾಕು, ಸೋಮಾರಿತನ ಮಾಡಬೇಡ. ನೂರು ಕಾಲ ತಣ್ಣಗೆ ಬಾಳು, ತಾಯೀ.

ನಿನ್ನ
ಮಾವ

ಇನ್ನೊಂದು ಮಾತು. ಹಾಸಿಗೆ ಒಯ್ಯುವ ಲಾರಿಯವನು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಕಟ್ಟು ಬಿಚ್ಚಿದಾಗ ಬೈಯಬೇಡ. ಮೂರಡಿಯಲ್ಲ, ಐದಡಿ ಹೊಲಿದಿದ್ದೇನೆ. ಮಂಚಕ್ಕೆ ಹಿಡಿಸದಿದ್ದರೆ ನೆಲಕ್ಕೇ ಹಾಸಿಕೋ. ನಿನಗಿನ್ನೂ ಮೂವತ್ತು ತುಂಬಿಲ್ಲ ಮಗಳೇ. ಒಳ್ಳೆಯವನು ಯಾರಾದರೂ ಸಿಕ್ಕರೆ, ನಮ್ಮ ಮುಖ ನೋಡಿಕೊಂಡು ಬೇಡ ಅನ್ನಬೇಡ. ಇದು ನಿನ್ನ ಅತ್ತೆಯ ಮಾತೂ ಹೌದು, ಅಂಚಿನ ಹೊಲಿಗೆಯನ್ನು ಅತ್ತುಕೊಂಡೇ ಹಾಕಿ ಮುಗಿಸಿದಳು. ಅವನನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ಅವನೂ ನನ್ನನ್ನು ಮಾವ ಅಂತಲೇ ಕರೆಯಲಿ.