ಕ್ಯಾಲೆಂಡರ್ ನನ್ನ ಚೀಲದಲ್ಲಿದೆ

ಮಗಳೇ,

ಗುಬ್ಬಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಗೋಡೆಯ ಕ್ಯಾಲೆಂಡರ್ ಹುಡುಕಬೇಡ, ನನ್ನ ಚೀಲದಲ್ಲಿದೆ. ಅವಳ ಹದಿನೇಳು ದಿನದ ಜ್ವರವನ್ನೂ ಆಯಾ ತಾರೀಕಿನ ಕೆಳಗೆ ಬರೆದಿದ್ದೇನೆ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ಸೊಟ್ಟಗಿದ್ದರೂ ಡಾಕ್ಟರಿಗೆ ತಿಳಿಯುತ್ತದೆ.

"ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ ಕಣಮ್ಮ" ಅಂದೆಯಲ್ಲ. ಅವಳು ಏಳುವ ಮೊದಲೇ ನೀನು ಕೆಲಸಕ್ಕೆ ಹೊರಡುತ್ತೀಯ. ಮಧ್ಯಾಹ್ನ ಏರಿದ ಜ್ವರ ನೀನು ಬರುವಷ್ಟರಲ್ಲಿ ಇಳಿದಿರುತ್ತದೆ. ನಿನ್ನದು ತಪ್ಪಲ್ಲ. ಆದರೆ ಬೆಳಿಗ್ಗೆ ಅವಳ ಮಂಡಿ ಬಾತಿರುತ್ತದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತೇವೆ.

ಒಲೆಯ ಮೇಲೆ ಊಟವಿದೆ, ಬಿಸಿ ಮಾಡಿಕೋ. ಹಾಗೇ ಮಲಗಬೇಡ.

ಆಸ್ಪತ್ರೆಗೆ ಸೇರಿಸಿಕೊಂಡರೆ ಅಲ್ಲೇ ಉಳಿಯುತ್ತೇವೆ. ನಾಳೆ ರಜೆ ಹಾಕಿ, ಬೆಳಿಗ್ಗೆ ಅವಳು ಏಳುವ ಮೊದಲೇ ಬಾ. ಹಾಸಿಗೆಯಿಂದ ಇಳಿಯುವುದನ್ನು ನೀನೂ ಒಮ್ಮೆ ನೋಡು. ಇಷ್ಟು ದಿನ ನಾನೊಬ್ಬಳೇ ನೋಡಿದ್ದೇನೆ.

ಅಮ್ಮ